ತೆರೆದಿಟ್ಟ ನೆಲಮಾಳಿಗೆಯ ಕಿಟಕಿ

ಬಿಯರಿಗೇ ಹೆಸರಾದ ಪಿಲ್ಸೆನ್ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದ ಲುಬೋಶ್‌ಗೆ ಒಂದೇ ಹಟ: ಕಾರ್ಖಾನೆಯ ಲಾಗರ್ ಬಿಯರಿಗೆ ಸರಿಗಟ್ಟುವಂಥದ್ದನ್ನು ಮನೆಯಲ್ಲೇ ಮಾಡಬೇಕು. ಡಿಪೋದ ಗೆಳೆಯರು ನಗುತ್ತಿದ್ದರು. "ಈ ಊರಲ್ಲಿ ಮನೇಲಿ ಬಿಯರ್ ಮಾಡೋದು ಅಂದ್ರೆ ಹೊಳೆ ಪಕ್ಕ ಬಾವಿ ತೋಡಿದ ಹಾಗೆ ಕಣೋ!" ಆ ನಗು ಅವನ ಹಟವನ್ನು ಇನ್ನಷ್ಟು ಬಲಿಸಿತು.

ಹಿಂದಿನ ವರ್ಷ ಮಾಡಿದ್ದು ಕೊಳೆತ ಹಣ್ಣಿನ ವಾಸನೆ ಹೊಡೆದಿತ್ತು. ಸೆಕೆ ಹೆಚ್ಚಾದರೆ ಲಾಗರ್ ಕೆಡುತ್ತದೆ. ಹುದುಗುವಾಗ ತಂಪು ಬೇಕು, ಆಮೇಲೆ ಮಾಗುವಾಗ ತಿಂಗಳುಗಟ್ಟಲೆ ಹಿಮದಂಥ ಚಳಿ ಬೇಕು. ಆದ್ದರಿಂದ ಈ ಸಲ ಹುದುಗು ಇಳಿದ ಮೇಲೆ ಅವನು ಕಟ್ಟಡದ ನೆಲಮಾಳಿಗೆಯಲ್ಲಿ ತನ್ನ ಪಾಲಿಗಿದ್ದ ಕೋಣೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟ. ಹೊರಗೆ ಮಂಜು ಬೀಳುತ್ತಿತ್ತು. ಬಿಯರ್ ತುಂಬಿಟ್ಟಿದ್ದ ಡ್ರಮ್ಮಿನ ಮೈ ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಾಯಿತು. ಲುಬೋಶ್ ಹಿಗ್ಗಿದ.

ಆ ಕೋಣೆಯ ನೇರ ಮೇಲಿದ್ದದ್ದು ಒತೀಲಿಯೆ ಅಜ್ಜಿಯ ಮನೆ. ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಹಲಗೆಯ ನೆಲ, ಮೂಲೆಯಲ್ಲೊಂದು ಕಲ್ಲಿದ್ದಲ ಒಲೆ.

ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಸಿಕ್ಕಿದ ಅಜ್ಜಿ, "ಲುಬೋಶ್ ಮಗಾ, ಈ ವರ್ಷ ಎಷ್ಟು ಉರಿ ಹಾಕಿದ್ರೂ ಕಾಲು ಬೆಚ್ಚಗಾಗೋದೇ ಇಲ್ಲ ಕಣಪ್ಪ. ವಯಸ್ಸು ಅಂದ್ರೆ ಇದೇ ಏನೋ," ಎಂದಳು.

ಕೆಳಗೆ ತಾನು ತೆರೆದಿಟ್ಟ ಕಿಟಕಿಯೇ ಕಾರಣ ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಬಾಯಿ ಮಾತ್ರ, "ಈ ಸಲ ಚಳಿ ಜಾಸ್ತಿ ಅಜ್ಜಿ," ಎಂದಿತು.

ಕಿಟಕಿ ಮುಚ್ಚಲಿಲ್ಲ. ಅದರ ಬದಲು ತನ್ನ ಪಾಲಿನ ಕಲ್ಲಿದ್ದಲನ್ನೇ ಬಕೆಟ್ಟಿನಲ್ಲಿ ತುಂಬಿ ಅವಳ ಒಲೆಯ ಮುಂದೆ ಸುರಿಯತೊಡಗಿದ. ಅಜ್ಜಿ ಕಟ್ಟಡಕ್ಕೆಲ್ಲ ಅವನನ್ನು ಹೊಗಳಿ, ಗಸಗಸೆ ಹೂರಣದ ಬನ್ನು ಸುಟ್ಟುಕೊಟ್ಟಳು. ಅವನು ಅದನ್ನು ಹಾಗೇ ಹೆಂಡತಿಯ ಕೈಗಿಟ್ಟ.

"ಊರಿಗೆಲ್ಲ ಪುಣ್ಯಾತ್ಮ, ಮನೆ ಕಸದ ಬುಟ್ಟಿ ಮಾತ್ರ ಇವರಿಗೆ ಭಾರ," ಎಂದು ಹೆಂಡತಿ ಯಿತ್ಕಾ ಚುಚ್ಚಿದಳು.

ಚಳಿ ಮುಗಿಯುವ ಮೊದಲೇ ಅಜ್ಜಿಯ ಎದೆಗೆ ಕಫ ಕಟ್ಟಿತು. ಅವಳನ್ನು ಆಸ್ಪತ್ರೆಗೆ ಒಯ್ದ ಆಂಬುಲೆನ್ಸ್ ತಿರುವು ದಾಟುವುದರೊಳಗೆ ಲುಬೋಶ್ ಕೆಳಗೋಡಿ ಕಿಟಕಿ ಮುಚ್ಚಿದ. ಆದರೆ ಬಿಯರ್ ಆಗಲೇ ಮಾಗಿತ್ತು. ಜೇನಿನ ಬಣ್ಣ, ತಿಳಿನೀರಿನಂಥ ಹೊಳಪು. ಕೆಟ್ಟಿದ್ದರೆ ಅವನಿಗೆ ಎಷ್ಟೋ ಸಮಾಧಾನವಿರುತ್ತಿತ್ತು. ಡಿಪೋದವರು ಕುಡಿದು, "ಭೇಷ್ ಕಣೋ, ಗೆದ್ದೆ!" ಎಂದು ಬೆನ್ನು ತಟ್ಟಿದರು. ಅವನು ತನ್ನ ಲೋಟವನ್ನು ಮುಟ್ಟದೆ ಎದ್ದುಬಂದ.

ವಸಂತದಲ್ಲಿ ಅಜ್ಜಿ ಸೊರಗಿ ಮರಳಿದಳು. ಲುಬೋಶ್ ಅವಳೆದುರು ನಿಂತು ಎಲ್ಲವನ್ನೂ ಹೇಳಿದ.

"ಗೊತ್ತಿದ್ದೂ ಸುಮ್ಮನಿದ್ಯಾ?"

"ಹೂಂ."

"ಕಲ್ಲಿದ್ದಲು ತಂದಾಗಲೂ?"

"ಆಗಲೂ."

ಅಜ್ಜಿ ಒಲೆಯ ಕಡೆ ತಿರುಗಿ, "ನನ್ನ ಮೈಯೇ ಕೈಕೊಡ್ತಿದೆ ಅಂದ್ಕೊಂಡೆ. ಇನ್ನು ಒಬ್ಬಳೇ ಇರಲಾರೆ, ವೃದ್ಧಾಶ್ರಮಕ್ಕೆ ಹೆಸರು ಕೊಡು ಅಂತ ತಂಗಿ ಮಗಳಿಗೆ ಹೇಳ್ಬಿಟ್ಟಿದ್ದೀನಿ. ಹೋಗು, ಹೆಸರು ತೆಗೆಸೋಕೆ ಅವಳಿಗೆ ನೀನೇ ಹೇಳು. ಯಾಕೆ ಅಂತಲೂ ಹೇಳು," ಎಂದಳು.

ಅವನು ಹೋದ. ಅಜ್ಜಿಯ ತಂಗಿ ಮಗಳು ಕೂರಲೂ ಹೇಳದೆ, ಬಾಗಿಲಲ್ಲೇ ನಿಲ್ಲಿಸಿ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡ. ಹೆಸರು ತೆಗೆಸಿದ್ದಾಯಿತು, ಅಜ್ಜಿ ತನ್ನ ಮನೆಯಲ್ಲೇ ಉಳಿದಳು.

ಮುಂದಿನ ಚಳಿಗಾಲ ಅವನು ಬಿಯರ್ ಮಾಡಲಿಲ್ಲ. ಕಲ್ಲಿದ್ದಲು ಹೊರುವುದನ್ನು ಮಾತ್ರ ಬಿಡಲಿಲ್ಲ. ನಡೆದದ್ದನ್ನು ಅಜ್ಜಿ ಕಟ್ಟಡದಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಅವಳ ಬಾಯಲ್ಲಿ 'ಮಗಾ' ಎಂಬ ಮಾತು ಮತ್ತೆ ಬರಲಿಲ್ಲ.

"ಅಲ್ಲೇ ಇಡಿ," ಎನ್ನುತ್ತಿದ್ದಳು. "ನಿಮಗೆ ತೊಂದರೆ ಆಯ್ತು."