ಹತ್ತೊಂಬತ್ತು ಸೆಕೆಂಡಿನ ಯೂಟ್

ಆ ದಿನ ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಬಂದರೆ ನನ್ನ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಗ್ಯಾರೇಜಿನ ಮುಂದೆ ಸಾಸಿವೆ ಬಣ್ಣದ ಹಳೆಯ ಯೂಟ್ ಒಂದು ನಿಂತಿತ್ತು. ಊರಲ್ಲಿ ನಾವು ಪಿಕಪ್ ಅನ್ನುವ ಗಾಡಿಗೆ ಇಲ್ಲಿ ಆಕ್ಲೆಂಡಿನಲ್ಲಿ ಯೂಟ್ ಅನ್ನುತ್ತಾರೆ. ಅದರ ಎರಡು ಬದಿಗೆ ಇಬ್ಬರು ಗಂಡಸರು ಕೈ ಕಟ್ಟಿಕೊಂಡು ನಿಂತಿದ್ದರು. ಒಬ್ಬರು ನನ್ನ ಗಂಡ, ಇನ್ನೊಬ್ಬರು ಪಕ್ಕದ ಮನೆಯ ನಿವೃತ್ತ ದಂತವೈದ್ಯರು.

ಯೂಟ್ ದಂತವೈದ್ಯರದು. ಪ್ರಾಯದಲ್ಲಿ ಅದನ್ನು ಡ್ರ್ಯಾಗ್ ರೇಸಿನಲ್ಲಿ ಓಡಿಸಬೇಕು ಅಂತಲೇ ಕೊಂಡಿದ್ದರಂತೆ. ಎರಡೇ ಗಾಡಿ, ನೆಟ್ಟಗಿನ ಕಾಲು ಮೈಲಿ ರಸ್ತೆ, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ಆದರೆ ಪ್ರತಿ ಶನಿವಾರ ಯಾರಿಗಾದರೂ ಹಲ್ಲುನೋವು ಬಂದು ಆಸೆ ಹಾಗೇ ಉಳಿದಿತ್ತು. ಈಗ ಅವರ ಹೆಂಡತಿ ಶೆಡ್ಡು ಖಾಲಿ ಮಾಡು ಎಂದು ಹಟ ಹಿಡಿದಿದ್ದರಿಂದ ಯೂಟನ್ನು ನನ್ನ ಗಂಡನಿಗೆ ಸುಮ್ಮನೆ ಕೊಟ್ಟುಬಿಟ್ಟಿದ್ದರು. ಒಂದೇ ಷರತ್ತು, ಒಮ್ಮೆಯಾದರೂ ಅದನ್ನು ರೇಸಿಗೆ ಇಳಿಸಬೇಕು.

"ಯಾರು ಓಡಸವ್ರು?" ಎಂದೆ.

"ನಾನಽ," ಎಂದರು ನನ್ನ ಗಂಡ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಅವರು ಈಸ್ಟ್ ತಮಾಕಿಯ ಒಂದು ಫ್ಯಾಕ್ಟರಿಯಲ್ಲಿ ಬಾಟಲಿ ಮುಚ್ಚಳಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾರೆ. ಹುಬ್ಬಳ್ಳಿಯಲ್ಲಿದ್ದಾಗ ಅವರು ಓಡಿಸಿದ್ದು ಒಂದು ಮೊಪೆಡ್. ಅದರಲ್ಲೂ ಹಿಂದೆ ಕೂತ ನಾನು ಎಷ್ಟೋ ಸಲ ಇಳಿದು ನಡೆದದ್ದುಂಟು.

ಆವತ್ತಿನಿಂದ ನಮ್ಮ ವಾರಾಂತ್ಯಗಳೆಲ್ಲ ಗ್ಯಾರೇಜಿಗೆ ಹೋದವು. ದಂತವೈದ್ಯರು ತಮ್ಮ ಹಳೆಯ ಉಪಕರಣಗಳ ಪೆಟ್ಟಿಗೆ ತಂದರು. ಕಡ್ಡಿಯ ತುದಿಗೆ ಪುಟ್ಟ ಗುಂಡಗಿನ ಕನ್ನಡಿ ಇರುತ್ತದಲ್ಲ, ಅದನ್ನು ಎಂಜಿನ್ನಿನ ಸಂದಿಗೆ ತೂರಿಸಿ, ಟಾರ್ಚು ಹಿಡಿದು, ಎಲ್ಲಿ ಎಣ್ಣೆ ಸೋರುತ್ತಿದೆ ಎಂದು ನೋಡುತ್ತಿದ್ದರು. ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು, ಸ್ವಲ್ಪ ನೋವಾಗಬಹುದು ಎಂದು ಎಂಜಿನ್ನಿಗೆ ಹೇಳುವ ಅಭ್ಯಾಸ ಅವರಿಗಿತ್ತು. ನನ್ನ ಗಂಡ ಪೆನ್‌ರೋಸಿನ ಹಳೇ ಗಾಡಿ ಒಡೆಯುವ ಅಂಗಡಿಗಳನ್ನು ಸುತ್ತಿ ದೊಡ್ಡದೊಂದು ಕಾರ್ಬುರೇಟರ್ ಹುಡುಕಿ ತಂದರು. ಅದನ್ನು ಜೋಡಿಸಿದ ಮೇಲೆ ಯೂಟಿನ ದನಿ ಬದಲಾಯಿತು. ಮೊದಲು ಕೆಮ್ಮುತ್ತಿತ್ತು, ಈಗ ಗದರಿಸತೊಡಗಿತು.

ಆಮೇಲೆ ಭಾರ ಇಳಿಸುವ ಹುಚ್ಚು ಹಿಡಿಯಿತು. ಗಾಡಿ ಹಗುರಾದಷ್ಟೂ ವೇಗ ಹೆಚ್ಚು ಅಂತ ಲೆಕ್ಕ. ಸ್ಟೆಪ್ನಿ ಹೋಯಿತು, ರೇಡಿಯೋ ಹೋಯಿತು, ಹೀಟರ್ ಹೋಯಿತು. ಬಿಚ್ಚಿದ ಪ್ರತಿಯೊಂದನ್ನೂ ನನ್ನ ಗಂಡ ಬಚ್ಚಲಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿ ಖುಷಿಪಡುತ್ತಿದ್ದರು. ಸಿಗರೇಟಿನ ಬೂದಿ ಹಾಕುವ ಡಬ್ಬಿಗೆ ಮುಳ್ಳು ಅಲುಗಲೇ ಇಲ್ಲ, ಆದರೂ ಅದನ್ನು ವಾಪಸು ಹಾಕಲಿಲ್ಲ. ಕಡೆಗೊಂದು ದಿನ ತಾವೇ ಯಂತ್ರದ ಮೇಲೆ ನಿಂತರು. ಬಹಳ ಹೊತ್ತು ಕೆಳಗೇ ನೋಡುತ್ತಿದ್ದರು. ಆ ರಾತ್ರಿಯಿಂದ ಒಂದೇ ರೊಟ್ಟಿ. ಮದುವೆಯಾದಾಗಿನಿಂದ ನಾನು ಬೊಜ್ಜು, ಸಕ್ಕರೆ ಕಾಯಿಲೆ ಎಂದು ಹೇಳಿ ಸೋತಿದ್ದೆ. ಯೂಟ್ ಒಂದೇ ಮಾತಿನಲ್ಲಿ ಸಾಧಿಸಿತು.

ಫ್ಯಾಕ್ಟರಿಯ ಹಿಂದಿನ ಖಾಲಿ ಅಂಗಳದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಒಂದು ಭಾನುವಾರ ಪರೀಕ್ಷೆ ಇಟ್ಟುಕೊಂಡೆವು. ನನ್ನ ಗಂಡ ಆಕ್ಸಿಲರೇಟರ್ ಒತ್ತಿ ಕ್ಲಚ್ ಬಿಟ್ಟರು. ಯೂಟ್ ಚೀರಿತು, ಹಿಂದಿನ ಗಾಲಿಗಳು ಗರಗರ ತಿರುಗಿ ಬಿಳಿ ಹೊಗೆ ಎದ್ದಿತು. ಹೊಗೆ ಕರಗಿದಾಗ ನೋಡಿದರೆ ಯೂಟ್ ಇದ್ದಲ್ಲೇ ಇತ್ತು. ದಂತವೈದ್ಯರು ಗಲ್ಲ ತುರಿಸಿಕೊಂಡು ವಿವರಿಸಿದರು. ಯೂಟಿನ ಹಿಂಭಾಗ ಮೊದಲೇ ಹಗುರ. ಅಲ್ಲಿ ಭಾರವಿಲ್ಲದಿದ್ದರೆ ಗಾಲಿ ನೆಲವನ್ನು ಹಿಡಿಯುವುದಿಲ್ಲ. ಅಂದರೆ, ಇಷ್ಟು ವಾರ ಭಾರ ಇಳಿಸಿದ ಮೇಲೆ ಈಗ ಭಾರ ಏರಿಸಬೇಕು.

ಭಾರಕ್ಕೆ ಏನು ಹಾಕುವುದೆಂಬ ಚರ್ಚೆ ನಡೆಯುತ್ತಿದ್ದಾಗ ದಂತವೈದ್ಯರ ಹೆಂಡತಿ, ಶೆಡ್ಡಿನಲ್ಲಿ ಇನ್ನೂ ನಿನ್ನ ಕುರ್ಚಿ ಬಿದ್ದಿದೆಯಲ್ಲ, ಅದೂ ಹೋಗಲಿ ಎಂದರು. ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಕೂರಿಸುತ್ತಿದ್ದ ಹಳೆಯ ಕುರ್ಚಿಯ ಬೀಡುಕಬ್ಬಿಣದ ಬುಡ ಅದು. ಎತ್ತಲು, ಈಚೆಗೆ ಮಂಡಿ ಬದಲಿಸಿಕೊಂಡಿದ್ದ ದಂತವೈದ್ಯರನ್ನು ಬಿಟ್ಟು, ನಾವು ಮೂವರೂ ಬೇಕಾಯಿತು. ಅದನ್ನು ಹಿಂದಿನ ಗಾಲಿಗಳ ನೇರಕ್ಕೆ, ಸಾಮಾನು ಹೇರುವ ಜಾಗದಲ್ಲಿ ನಟ್ಟು ಬೋಲ್ಟು ಹಾಕಿ ಬಿಗಿದರು. ಯೂಟ್ ನೆಲ ಹಿಡಿಯಿತು. ನನ್ನ ಗಂಡ ಸೊಂಟ ಹಿಡಿದುಕೊಂಡರು, ಆದರೆ ಏನೂ ಆಗಿಲ್ಲ ಅಂದರು.

ರೇಸಿನ ದಿನ ಅವರು ಯೂಟಿನಲ್ಲಿ ಮುಂದೆ, ನಾನು ದಂತವೈದ್ಯರನ್ನು ಕೂರಿಸಿಕೊಂಡು ಕಾರಿನಲ್ಲಿ ಹಿಂದೆ ಹೊರಟೆವು. ಆಕ್ಲೆಂಡಿನ ದಕ್ಷಿಣಕ್ಕೆ, ಹಸುಗಳು ಮೇಯುವ ಬಯಲಿನ ನಡುವೆ ರೇಸಿನ ರಸ್ತೆ. ಮನೆಯ ಗಾಡಿ ತಂದು ಯಾರು ಬೇಕಾದರೂ ಓಡಿಸಬಹುದಾದ ದಿನ ಅದು. ತಪಾಸಣೆಯವರು ಬ್ರೇಕು, ಟೈರು ನೋಡಿ ಹಿಂದಕ್ಕೆ ಬಂದವರು ಕಬ್ಬಿಣದ ಬುಡದ ಮುಂದೆ ನಿಂತರು. ಇದೇನು ಎಂದರು. ದಂತವೈದ್ಯರು ಇದ್ದದ್ದನ್ನೇ ಹೇಳಿದರು. ತಪಾಸಣೆಯವರು ಎರಡೂ ಕೈ ಹಾಕಿ ಅಲುಗಾಡಿಸಿ ನೋಡಿ, ಅಲುಗದಿದ್ದಾಗ, ಸರಿ ಎಂದು ಚೀಟಿ ಅಂಟಿಸಿ ಹೋದರು.

ಅಭ್ಯಾಸದ ಎರಡು ಓಟದಲ್ಲಿ ನನ್ನ ಗಂಡ ಹದಿನೇಳು ಸೆಕೆಂಡಿನ ಆಸುಪಾಸು ತೆಗೆದುಕೊಂಡರು. ಎರಡನೆಯದು ಮುಗಿಸಿ ಬಂದು, ಚಕ್ರದ ನಟ್ಟು ಬಿಗಿಯಲು ಬಗ್ಗಿದವರು ಮೇಲೇಳಲಿಲ್ಲ. ಕುರ್ಚಿಯ ಬುಡ ಎತ್ತಿದ ದಿನದ ನೋವು ಈಗ ಪೂರ್ತಿ ಹಿಡಿದುಕೊಂಡಿತ್ತು. ಇಷ್ಟು ವರ್ಷದ ನರ್ಸು ನಾನು, ಮುಟ್ಟಿ ನೋಡುತ್ತಲೇ ಗೊತ್ತಾಯಿತು. ಹುಲ್ಲಿನ ಮೇಲೆ ಮಲಗಿಸಿ, ಇವತ್ತು ನೀವು ಕ್ಲಚ್ ತುಳಿಯೋ ಹಂಗಿಲ್ಲ ಎಂದೆ.

ದಂತವೈದ್ಯರ ಮುಖ ನೋಡಲಾಗಲಿಲ್ಲ. ಅವರಿಗೆ ಮಂಡಿ ಬದಲಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಅವರೂ ಓಡಿಸುವಂತಿರಲಿಲ್ಲ. ನಾನೇ ತಪಾಸಣೆಯವರ ಹತ್ತಿರ ಹೋಗಿ, ಡ್ರೈವರ್ ಬದಲಾಯಿಸಬಹುದೇ ಎಂದು ಕೇಳಿ ಬಂದೆ. ಲೈಸೆನ್ಸ್ ಇದ್ದರೆ, ಒಂದು ಅಭ್ಯಾಸದ ಓಟ ಮಾಡಿದರೆ ಆಗುತ್ತದೆ ಎಂದರು. ಉದ್ದ ತೋಳಿನ ಕಾಟನ್ ಚೂಡಿದಾರವನ್ನು ಒಪ್ಪಿದರು, ದುಪಟ್ಟಾ ಬೇಡ ಎಂದರು.

ಹೆಲ್ಮೆಟ್ ಹಾಕಿಕೊಂಡು, ಊರಲ್ಲಿ ಡ್ರೈವಿಂಗ್ ಕಲಿಸಿದವರು ಹೇಳಿದಂತೆ ಗೇರಿಗೆ ನೋವಾಗದ ಹಾಗೆ ಒಂದೊಂದಾಗಿ ಬದಲಿಸುತ್ತ ಓಡಿಸಿದೆ. ಹತ್ತೊಂಬತ್ತು ಸೆಕೆಂಡು ಆಯಿತು.

ಆ ಸ್ಪರ್ಧೆಯ ನಿಯಮ ವಿಚಿತ್ರ. ನಿಮ್ಮ ಗಾಡಿ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂದು ನೀವೇ ಮೊದಲು ಹೇಳಿ ಗಾಜಿನ ಮೇಲೆ ಬರೆಯಬೇಕು. ನಿಧಾನದ ಗಾಡಿಗೆ ದೀಪ ಮೊದಲು ಹಸಿರಾಗುತ್ತದೆ, ವೇಗದ ಗಾಡಿ ಅಲ್ಲಿವರೆಗೆ ಕಾಯಬೇಕು. ಹೇಳಿದ್ದಕ್ಕಿಂತ ಬೇಗ ಮುಟ್ಟಿಬಿಟ್ಟರೆ ಸುಳ್ಳು ಹೇಳಿದಂತೆ, ಸೋಲು.

"ಹದಿನೇಳು ಬರೀಸು," ಎಂದರು ನನ್ನ ಗಂಡ, ಮಲಗಿದಲ್ಲಿಂದಲೇ.

"ನಂಗ ಬಂದಿದ್ದು ಹತ್ತೊಂಬತ್ತು ರೀ."

"ಮಂದಿ ಏನಂತಾರ? ಸೈಕಲ್ ಮ್ಯಾಲೆ ಬಂದಾರ ಅಂತಾರ."

ದಂತವೈದ್ಯರು ನನ್ನ ಕಡೆ ನೋಡಿ, ಮುಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಹತ್ತೊಂಬತ್ತು ಎಂದು ಬರೆದರು. ನನ್ನ ಗಂಡ ಮುಖದ ಮೇಲೆ ಟೋಪಿ ಎಳೆದುಕೊಂಡರು.

ನನ್ನ ಎದುರಾಳಿ ಒಂದು ಕಪ್ಪು ಕಾರು. ಅದರ ಸದ್ದಿಗೆ ನನ್ನ ಹೆಲ್ಮೆಟ್ಟೇ ನಡುಗುತ್ತಿತ್ತು. ನನ್ನ ದೀಪ ಹಸಿರಾಯಿತು, ಹೊರಟೆ. ಎರಡನೇ ಗೇರು ಹಾಕಿ ಕನ್ನಡಿ ನೋಡಿದರೆ ಅದು ಇನ್ನೂ ಅಲ್ಲೇ ನಿಂತು ಗುರುಗುಟ್ಟುತ್ತಿತ್ತು. ಅರ್ಧ ದಾರಿ ದಾಟುವಾಗ ಹಿಂದೆ ಗುಡುಗು ಕೇಳಿತು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಗೆರೆಯ ಹತ್ತಿರ ಅದು ನನ್ನನ್ನು ದಾಟಿ ಹೋಯಿತು ಕೂಡ. ಸೋತೆನೆಂದೇ ತಿಳಿದು ನಿಧಾನವಾಗಿ ಹಿಂದಿರುಗಿದರೆ, ಮಂಡಿಯನ್ನೂ ಲೆಕ್ಕಿಸದೆ ದಂತವೈದ್ಯರು ಕುಂಟುತ್ತ ಓಡಿ ಬರುತ್ತಿದ್ದರು. ಕಪ್ಪು ಕಾರಿನವನು ಕಾದು ಕಾದು ತಾಳ್ಮೆಗೆಟ್ಟು, ತನ್ನ ದೀಪ ಹಸಿರಾಗುವ ಮೊದಲೇ ನುಗ್ಗಿದ್ದನಂತೆ. ಹಾಗೆ ನುಗ್ಗಿದರೂ ಸೋಲೇ. ಗೆದ್ದವಳು ನಾನು. ದಂತವೈದ್ಯರ ಕಣ್ಣುಗಳು ಒದ್ದೆಯಾಗಿದ್ದವು. ಗಾಳಿಗೆ ಧೂಳು ಬಿತ್ತು ಎಂದರು.

ಗೆಲುವು ತಲೆಗೇರಿತು ಅಂತಲೇ ಹೇಳಬೇಕು. ಎರಡನೇ ಸುತ್ತಿನಲ್ಲಿ ಒಬ್ಬ ಹೆಂಗಸಿನ ಪುಟ್ಟ ಕಾರು ಪಕ್ಕದಲ್ಲಿತ್ತು. ಹೊರಟ ಕೂಡಲೇ ಗೇರಿನ ನೋವು, ಡ್ರೈವಿಂಗ್ ಕಲಿಸಿದವರ ಮಾತು ಎಲ್ಲ ಮರೆತುಹೋಯಿತು. ಕಾಲು ಪೂರ್ತಿ ಒತ್ತಿ, ಗೇರುಗಳನ್ನು ಬಡಿದು, ಯಾರ ಭಾಷೆಯಲ್ಲೋ ಏನೋ ಕಿರುಚುತ್ತ ಹೋದೆ. ಅವಳಿಗಿಂತ ಮೊದಲೇ ಮುಟ್ಟಿದೆ. ಹೇಳಿದ್ದಕ್ಕಿಂತ ಒಂದೂವರೆ ಸೆಕೆಂಡು ಬೇಗ. ಸೋತೆ.

ನನಗೆ ಅಳು ಬಂದಿತ್ತು. ನನ್ನ ಗಂಡನಿಗೆ ಮಾತ್ರ ಅಂದಿನ ಬೆನ್ನುನೋವು ಅಲ್ಲಿಗೇ ಅರ್ಧ ಇಳಿಯಿತು. ಅವರ ಕೈಯಲ್ಲಿ ತಯಾರಾದ ಗಾಡಿ ಜೋರಾಗಿ ಓಡಿದ್ದಕ್ಕೆ ಸೋತಿತು ಎಂದು ಅಧಿಕೃತವಾಗಿ ಮೈಕಿನಲ್ಲಿ ಹೇಳಿದ್ದರಲ್ಲ. ಮುಂದಿನ ವಾರ ಕನ್ನಡದವರು ಸೇರಿದ ಊಟದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತ ಅಂಕಲ್ ಆಂಟಿಯರಿಗೆಲ್ಲ ಅದನ್ನೇ ಹೇಳಿದರು.

"ಅತಿ ಫಾಸ್ಟ್ ಆಗಿ ಸೋತ್ವಿ ನೋಡ್ರಿ, ಏನ್ ಮಾಡೋದು."

ಓಡಿಸಿದ್ದು ಯಾರು ಎಂದು ಒಬ್ಬರು ಆಂಟಿ ಕೇಳಿದರು. ಅವರು ತಟ್ಟೆ ತುಂಬ ಬಾತು ಬಡಿಸಿಕೊಳ್ಳುತ್ತ, ನಾನು ಮೆಕ್ಯಾನಿಕ್ ರೀ, ಡ್ರೈವರ್ ಅಕಿ ಎಂದು ನನ್ನ ಕಡೆ ಸೌಟು ತೋರಿಸಿದರು.