ವಂಗಪ್ಪನೊಡನೆ ವ್ಯಾಪಾರ

ನನಗೆ ವ್ಯಾಪಾರ ಬರುತ್ತದೆ ಎಂಬ ಭ್ರಮೆ ಬಹಳ ಕಾಲ ಇತ್ತು. ಹೊಳೆನರಸೀಪುರದ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಜವಳಿ ಅಂಗಡಿಯಲ್ಲಿ ಕೂತು, ಬಿಸಿಲು ತಾಳದೆ ನೆರಳಿಗೆ ನಿಂತವರ ಕೈಗೂ ಒಂದು ಪಂಚೆ ಕಟ್ಟಿ ಕಳಿಸಿದವನು ನಾನು. ಆ ಭ್ರಮೆಯನ್ನು ಬಿಡಿಸಿದವನು ಒಬ್ಬ ಚೀನಿಯವನು. ಬಿಡಿಸಿದ ಮೇಲೆ ಆ ಖಾಲಿ ಜಾಗದಲ್ಲಿ ಇಟ್ಟುಕೊಳ್ಳಲು ಏನೂ ಸಿಗಲಿಲ್ಲ ಎಂಬುದೇ ನನ್ನ ಸಂಕಟ.

ಆಗ ಚೀನಾದ ರೇಷ್ಮೆ ವ್ಯಾಪಾರಿಗಳು ಸೈಕಲ್ಲಿನ ಹಿಂದೆ ಗಂಟು ಬಿಗಿದುಕೊಂಡು ನಮ್ಮ ಸೀಮೆಯಲ್ಲೂ ಓಡಾಡುತ್ತಿದ್ದರು. ಅವರಲ್ಲೊಬ್ಬ ವಾಂಗ್. ಹಾಸನದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಳೆನರಸೀಪುರ, ಅರಕಲಗೂಡು, ಕೊಣನೂರು, ಚನ್ನರಾಯಪಟ್ಟಣ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ನಮ್ಮ ಜನ ಅವನನ್ನು ವಂಗಪ್ಪ ಮಾಡಿಬಿಟ್ಟಿದ್ದರು. ಅವನ ಕನ್ನಡ ಸಂತೆಯಲ್ಲೇ ಹುಟ್ಟಿ ಸಂತೆಯಲ್ಲೇ ಬೆಳೆದದ್ದು; ನನ್ನ ಕನ್ನಡಕ್ಕಿಂತ ಚುರುಕಾಗಿತ್ತು.

ನಮ್ಮ ಹಳೆಯ ಕಾವ್ಯಗಳಲ್ಲಿ ರಾಣಿಯರು ಚೀನಾಂಬರ ಉಡುತ್ತಾರೆ. ನಮ್ಮ ಅಡುಗೆಮನೆಗಳಲ್ಲಿ ಉಪ್ಪಿನಕಾಯಿ ಚೀನಾ ಭರಣಿಯಲ್ಲಿ ಕೂತಿರುತ್ತದೆ. ಇಷ್ಟು ಹಳೆಯ ನಂಟಸ್ತನ ಇರುವಾಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಏನು ಮಹಾ ಎಂದುಕೊಂಡೆ. ಮದುವೆಯ ಗಿರಾಕಿಗಳೆಲ್ಲ ಹಾಸನದ ದೊಡ್ಡ ಅಂಗಡಿಗಳ ಕಡೆ ಮುಖ ಮಾಡಿದ್ದ ಕಾಲ ಅದು. ವಂಗಪ್ಪನ ಸೋದರಮಾವ ಕಲ್ಕತ್ತೆಯಲ್ಲಿ ರೇಷ್ಮೆ ದಾಸ್ತಾನು ಇಟ್ಟಿದ್ದ. ಅಲ್ಲಿಂದ ಮಾಲು ನೇರ ನನ್ನಲ್ಲಿಗೆ ಬಂದರೆ ಅಂಗಡಿ ಉಳಿಯುತ್ತಿತ್ತು. ಇಲ್ಲವಾದರೆ ಬಾಗಿಲು ಹಾಕಬೇಕಿತ್ತು.

ಹಾಸನಕ್ಕೆ ಹೋದೆ. ವಂಗಪ್ಪ ಚಾಪೆ ಹಾಸಿ, ಪುಟ್ಟ ಬಟ್ಟಲಿನಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಟೀ ಇಟ್ಟ. ಕಾಫಿ ಕುಡಿದು ಬೆಳೆದ ನನಗೆ ಅದು ಬಾಣಂತಿಯ ಕಷಾಯದಂತೆ ಕಂಡಿತು. ಜೊತೆಗೆ, ಮಾಂಸ ಬೇಯಿಸುವ ಮನೆಯ ಪಾತ್ರೆ. ಬಟ್ಟಲನ್ನು ಮುಟ್ಟದೆ ಮಾಲಿನ ಮಾತು ತೆಗೆದೆ.

"ಅದಿರ್ಲಿ ಸಾ, ನಿಮ್ಮವ್ವ ಸಂದಾಕವ್ರಾ? ಮಂಡಿನೋವು ಎಂಗದೆ?" ಎಂದ.

ಮಂಡಿನೋವಿನ ವಿಚಾರ ಮುಗಿಸಿ ಮತ್ತೆ ಮಾಲಿಗೆ ಬಂದರೆ, ನಮ್ಮಪ್ಪ ಯಾವ ಕಾಯಿಲೆಯಿಂದ ಹೋದರು ಎಂದು ಕೇಳಿದ. ಮುಂದಿನ ಸಲವೂ ಇದೇ ಕಥೆ. ಕರಾರು ಎಂದರೆ ಅವನು ಮಳೆ ಬೆಳೆ ಎನ್ನುತ್ತಿದ್ದ. ನಾನು ಬಸ್ಸಿನಲ್ಲಿ ತಲೆಯ ಮೇಲೆ ಕೈ ಹೊತ್ತು ವಾಪಸಾಗುತ್ತಿದ್ದೆ.

ಒಂದು ದಿನ ಅವನೇ ನಮ್ಮ ಮನೆಗೆ ಬಂದು, ಅವ್ವನಿಗೆಂದು ಒಂದು ರೇಷ್ಮೆ ತುಂಡು ನನ್ನ ಕೈಗಿಟ್ಟ. ಜವಳಿಯವನ ಬೆರಳು ಸುಮ್ಮನಿರುತ್ತದೆಯೇ? ಅಂಚು ಹಿಸುಕಿ ನೋಡಿ, "ಗಜಕ್ಕೆ ಎಂಗೆ?" ಎಂದು ಕೇಳಿಯೇಬಿಟ್ಟೆ. ಅವನ ಮುಖ ಬಾಡಿತು.

"ನಮ್ ಕಡೆ ಮೊದ್ಲು ಮನುಸನ್ನ ನೋಡ್ತೀವಿ ಸಾ, ಆಮ್ಯಾಕೆ ಮಾಲು. ನೀವು ನನ್ ಟೀ ಕುಡ್ದಿಲ್ಲ. ನಾನು ನಿಮ್ ಒಸ್ಲು ದಾಟಿಲ್ಲ. ಯಾರು ಅಂತ ಮಾಲು ಕೊಡ್ಲಿ?"

ನಮ್ಮ ಮನೆಯಲ್ಲಿ ಮಡಿ ಅವ್ವನದು. ಹೊರಗಿನವರಿಗೆ ಜಗಲಿಯೇ ಗತಿ. ಅವನ ಮನಸ್ಸನ್ನು ಸರಿಮಾಡಬೇಕೆಂದು ಅಂಗಡಿಯಲ್ಲಿದ್ದ ಅತ್ಯುತ್ತಮ ಬಿಳಿ ಪಂಚೆಯನ್ನು ಹಾಸನಕ್ಕೆ ಹೊತ್ತುಕೊಂಡು ಹೋದೆ. ಎರಡೂ ಕೈಯಲ್ಲಿ ತೆಗೆದುಕೊಂಡ. ಬಿಚ್ಚಿ ನೋಡಿ ಮೆಲ್ಲಗೆ ಮಡಿಸಿದ.

"ಬಿಳೀದ್ನ ನಮ್ಮಲ್ಲಿ ಸಾವಾದ್ ಮನೇರು ಉಟ್ಕತಾರೆ ಸಾ. ನಿಮ್ಗೆ ಗೊತ್ತಿಲ್ಲ, ಇರ್ಲಿ ಬುಡಿ."

ಆ ದಿನ ಮನೆಗೆ ಬಂದವನು ಊಟ ಮಾಡಲಿಲ್ಲ. ಜೀವಮಾನವೆಲ್ಲ ಬಟ್ಟೆ ಮಾರಿದವನಿಗೆ ಒಂದು ಬಟ್ಟೆಯನ್ನು ಸರಿಯಾಗಿ ಕೊಡುವುದು ಬರಲಿಲ್ಲವಲ್ಲ!

ಅಷ್ಟರಲ್ಲಿ ಚೀನಾದಲ್ಲಿ ಜಪಾನಿನವರ ಯುದ್ಧ ಹಬ್ಬಿತು. ಬಹಳ ದಿನ ವಂಗಪ್ಪ ಕಾಣಲಿಲ್ಲ. ಆಮೇಲೊಂದು ಮಧ್ಯಾಹ್ನ ಬಂದು ನಮ್ಮ ಜಗಲಿಯ ಮೇಲೆ ಕೂತ. ಸೈಕಲ್ಲಿನ ಹಿಂದೆ ಗಂಟು ಇರಲಿಲ್ಲ. ಅವನ ಊರಿಗೆ ಸೈನ್ಯ ನುಗ್ಗಿತ್ತಂತೆ. ತಾಯಿ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ತಿಳಿಯದು.

"ಯಾಕ್ಲಾ, ವಂಗಪ್ಪ ಅಂಗೆ ಕುಂತವ್ನೆ?" ಎಂದು ಒಳಗಿನಿಂದ ಅವ್ವ ಕೇಳಿದಳು. ವಿಷಯ ಹೇಳಿದೆ. ಅವ್ವ ಬಾಗಿಲಿಗೆ ಬಂದು ಜಗಲಿಯತ್ತ ನೋಡಿದಳು. ಆಮೇಲೆ ನನ್ನ ಮೇಲೇ ಹರಿಹಾಯ್ದಳು: "ತಾಯಿ ಸುದ್ದಿ ಇಲ್ದೋನ್ನ ಬೀದೀಲಿ ಕೂರ್ಸಿದ್ದೀಯಲ್ಲ, ನಿಂಗೇನು ಬುದ್ಧಿ ಇಲ್ವಾ? ಒಳೀಕ್ ಕರಿ."

ಮಡಿಯ ಕಾನೂನು ಮಾಡಿದವನೇ ನಾನು ಎಂಬಂತಿತ್ತು ಆ ಗದರಿಕೆ. ವಂಗಪ್ಪ ಹೊಸಿಲು ದಾಟಿ ಬಂದು ನಮ್ಮೊಡನೆ ಊಟಕ್ಕೆ ಕೂತ. ಮುದ್ದೆಯನ್ನು ಅಗಿಯದೆ, ಅವರೆಕಾಳಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದ. ಅದನ್ನು ದಂಡಿಗನಹಳ್ಳಿಯ ಒಕ್ಕಲಿನವರು ಕಲಿಸಿದರಂತೆ. ಊಟವಾದ ಮೇಲೆ ಅಂಗಿಯ ಜೇಬಿನಿಂದ ಟೀ ಸೊಪ್ಪಿನ ಪೊಟ್ಟಣ ತೆಗೆದ. ಅವ್ವ ನೀರು ಕಾಯಿಸಿಕೊಟ್ಟಳು. ನಾನು ಲೋಟ ತುಂಬ ಕುಡಿದೆ. ಕಹಿಯಾಗಿತ್ತು. ಇನ್ನೊಂದು ಲೋಟ ಕೇಳಿದೆ.

ವಂಗಪ್ಪ ನನ್ನನ್ನೇ ನೋಡುತ್ತಿದ್ದ. "ಈಗ ನೀವು ನಮ್ಮೋರು ಸಾ," ಎಂದ. "ಈಗ ಯಾಪಾರ ಮಾತಾಡ್ಬೋದು."

"ಮಾತಾಡಪ್ಪ," ಎಂದೆ.

"ಮಾಲೇ ಇಲ್ಲ ಸಾ. ಚೀನಾದಿಂದ ಅಡಗೇ ಬತ್ತಿಲ್ಲ. ಮಾವ ಅಂಗ್ಡಿ ಮುಚ್ಬುಟ್ಟ."

ಇಬ್ಬರೂ ನಕ್ಕೆವು ಎಂದು ಬರೆದರೆ ಪ್ರಬಂಧಕ್ಕೆ ಚೆನ್ನಾಗಿರುತ್ತಿತ್ತು. ನಗಲಿಲ್ಲ. ಅವನು ಗೋಡೆಗೆ ಒರಗಿ ಅತ್ತ. ಅವ್ವ ಅವನ ಎದುರು ಕೂತಿದ್ದಳು. ಮಾರನೆಯ ದಿನ ಅವನನ್ನು ರೈಲಿಗೆ ಹತ್ತಿಸಿ ಬಂದೆ. ಕಲ್ಕತ್ತೆಯಿಂದ ಹೇಗಾದರೂ ಊರು ಸೇರಿ ತಾಯಿಯನ್ನು ಹುಡುಕುತ್ತೇನೆ ಎಂದ. ಅಲ್ಲಿಂದಾಚೆಗೆ ಏನಾದನೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಯುದ್ಧ ನಮ್ಮ ಕಡೆಗೂ ಬಂತು. ಬಟ್ಟೆಗೆ ಕಂಟ್ರೋಲು ಬಂತು, ಸರ್ಕಾರ ಗೊತ್ತುಮಾಡಿದಷ್ಟೇ ಮಾರಬೇಕಾಯಿತು. ನನ್ನ ಅಂಗಡಿ ಮುಚ್ಚಿತು. ನಾನು ಚನ್ನರಾಯಪಟ್ಟಣದ ಕಂಟ್ರೋಲ್ ಬಟ್ಟೆಯ ಡಿಪೋದಲ್ಲಿ ಗುಮಾಸ್ತನಾದೆ. ಅಲ್ಲಿ ಯಾರ ಮನವನ್ನೂ ಒಲಿಸಬೇಕಿರಲಿಲ್ಲ, ಅಳೆದು ಹರಿದರೆ ಸಾಕು.

ಅಲ್ಲಿ ಕೂತು ಆಗಾಗ ಹಾಸನದ ರಸ್ತೆಯ ಕಡೆ ನೋಡುತ್ತಿದ್ದೆ. ಜವಳಿಯವನು ದಾರಿ ನೋಡುವುದು ಹೊಸದೇನಲ್ಲ; ಗಿರಾಕಿಗಾಗಿ ಕಾಯುವುದೇ ನಮ್ಮ ಕಸುಬು. ಆದರೆ ಒಬ್ಬ ಮನುಷ್ಯನಿಗೆ ಮಾರುವುದೂ ಇಲ್ಲದೆ, ಅವನಿಂದ ಕೊಳ್ಳುವುದೂ ಇಲ್ಲದೆ, ಅವನು ಬರಲಿ ಎಂದು ಸುಮ್ಮನೆ ಕಾದದ್ದು ನನಗೆ ಅದೇ ಮೊದಲು.