ಮಂಜಕ್ಕ ಹುಟ್ಟಿದ ನಕ್ಷತ್ರ

ಜನವರಿ ಹದಿನೇಳು, ಶನಿವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಕೆಳಮನೆಯಲ್ಲಿ ಯಾರೋ ಅವರೆಕಾಯಿ ಸುಲಿಯುತ್ತಿದ್ದಾರೆ. ಅದರ ಸೊಗಡು ಮೆಟ್ಟಿಲು ಹತ್ತಿ ನಮ್ಮ ತಾರಸಿಯವರೆಗೆ ಬಂದಿದೆ. ಈ ವಾಸನೆಗೆ ಯಾರಿಗಾದರೂ ಹುಳಿಯೋ ಉಪ್ಪಿಟ್ಟೋ ನೆನಪಾಗಬೇಕು. ನನಗೆ ನೆನಪಾಗುವುದು ನಾಲ್ಕು ವರ್ಷದ ಹಿಂದೆ ನಾನು ಮಾಡಿದ ಒಂದು ತಪ್ಪು ಲೆಕ್ಕ.

ನಾನು ದಿನಚರಿ ಬರೆಯುವವಳು. ಬರೆಯುವುದಕ್ಕಿಂತ ಎಣಿಸುವುದೇ ಹೆಚ್ಚು. ಗಡಿಯಾಚೆ ತಮಿಳು ಸೀಮೆಯಲ್ಲಿರುವ ನಮ್ಮೂರು ಮತ್ತಿಗಿರಿಗೆ ಬರುವ ಬೆಳಗಿನ ಬಸ್ಸು ತಿಂಗಳಲ್ಲಿ ಎಷ್ಟು ದಿನ ತಡವಾಯಿತು, ನಮ್ಮಮ್ಮ ವಾರಕ್ಕೆ ಎಷ್ಟು ಸಲ ‘ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ’ ಎಂದರು, ಎಲ್ಲಕ್ಕೂ ನನ್ನಲ್ಲಿ ತಾರೀಕು ಸಮೇತ ದಾಖಲೆಯಿದೆ. ನಗಬೇಡಿ. ನಕ್ಕವರನ್ನೂ ಬರೆದಿಟ್ಟಿದ್ದೇನೆ.

ಆಗ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವಳು ಮಂಜುಳ, ನಮಗೆಲ್ಲ ಮಂಜಕ್ಕ. ಮಾಗಡಿ ಕಡೆಯವಳು, ಕಾರ್ಖಾನೆಯೊಂದರಲ್ಲಿ ವೈರು ಜೋಡಿಸುತ್ತಿದ್ದಳು. ಹೆತ್ತ ತಾಯಿ ಅವಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡಿದ್ದರಿಂದ ಅಜ್ಜಿಯೇ ಸಾಕಿದ್ದು. ಹುಟ್ಟಿದ ದಿನ ಯಾವುದೆಂದು ಯಾರೂ ಬರೆದಿಡಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆದುಕೊಂಡರು. ಅವಳ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಜೂನ್ ಒಂದರಂದೇ ಹುಟ್ಟಿದವರಂತೆ. ಅವಳು ನೆನಪಿಸಿಕೊಂಡು ಹೇಳುತ್ತಾ ಹೋದಳು, ನಾನು ಗುರುತು ಹಾಕುತ್ತಾ ಹೋದೆ.

ಹುಟ್ಟಿದ ದಿನ ಗೊತ್ತಿಲ್ಲದ್ದು ಇಪ್ಪತ್ತಾರು ವರ್ಷ ಅವಳಿಗೆ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ಲೋಕೇಶನ ಅಮ್ಮ ನಕ್ಷತ್ರ ಕೇಳಿದಾಗ. ಲೋಕೇಶ ಅವಳ ಜೊತೆ ಅದೇ ಶಿಫ್ಟಿನಲ್ಲಿದ್ದ ಹುಡುಗ. ಅವನಮ್ಮ ರತ್ನಮ್ಮ, ಅವಲಪಲ್ಲಿಯವರು, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹುಡುಗಿ ಅವರಿಗೆ ಹಿಡಿಸಿದ್ದಳು. ಆದರೆ ನಮ್ಮ ಕಡೆ ಮದುವೆಗೆ ಮೊದಲು ಹತ್ತು ಪೊರುತ್ತ, ಅಂದರೆ ಹೊಂದಾಣಿಕೆ, ನೋಡಬೇಕು, ಅದಕ್ಕೆ ಇಬ್ಬರ ನಕ್ಷತ್ರವೂ ಬೇಕು. ಹೆಸರಿನ ಮೊದಲಕ್ಷರ ಹಿಡಿದರೆ ಮಂಜುಳಗೆ ಮಘಾ ಬಂತು. ಅದು ಹುಡುಗನ ನಕ್ಷತ್ರಕ್ಕೆ ಕೂಡದು ಎಂದು ಜೋಯಿಸರು ಹೇಳಿಬಿಟ್ಟರು. ನಿಜವಾದ ಹುಟ್ಟು ನಕ್ಷತ್ರ ಸಿಕ್ಕಿದರೆ ತನ್ನಿ, ಇಲ್ಲದಿದ್ದರೆ ಬೇಡ ಎಂದರು ರತ್ನಮ್ಮ.

ಆ ಸಂಜೆ ಮಂಜಕ್ಕ ಇದೇ ತಾರಸಿಯಲ್ಲಿ, ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ಒಂದೇ ಮಾತು ಹೇಳಿದಳು: “ನಂಗೆ ಅವ್ನೇ ಬೇಕು ಕಣಮ್ಮಿ.”

ಯಾರಾದರೂ ಹೀಗೆ ಹೇಳಿದರೆ ಸಮಾಧಾನ ಮಾಡಬೇಕು. ನಾನು ಪೆನ್ನು ತೆಗೆದೆ. ಹುಟ್ಟಿನ ಬಗ್ಗೆ ಅಜ್ಜಿ ಏನೇನು ಹೇಳಿದ್ದರು ಅಂತ ಕೇಳಿದೆ. ಹೇಳಿದ್ದು ಎರಡೇ ಸಂಗತಿ. ಅದು ಅವರೆಕಾಯಿ ಕಾಲ. ಮಗು ಅತ್ತಾಗ ಅಜ್ಜಿ ಹೊರಗೆ ಬಂದು ತಲೆಯೆತ್ತಿದರೆ ಮೂರು ಚುಕ್ಕಿ ನೆತ್ತಿಗೆ ಬಂದಿದ್ದವು.

ನನಗೆ ರೋಮಾಂಚನವಾಯಿತು. ಒಂದೇ ಸಾಲಿನ ಆ ಮೂರು ಚುಕ್ಕಿ ಆಗಲೂ ಪೂರ್ವದಲ್ಲಿ ಎದ್ದಿದ್ದವು. ಹಕ್ಕಿ ಎಣಿಸಲು ಕೊಂಡಿದ್ದ ದುರ್ಬೀನು ತಂದು ಅವಳ ಕೈಗೆ ಕೊಟ್ಟೆ. ಮೂರರ ಪಕ್ಕದಲ್ಲೇ ಮಂಕಾದ ಇನ್ನೊಂದು ಪುಟ್ಟ ಸಾಲಿದೆ, ಅದರ ನಡುವಿನ ಚುಕ್ಕಿ ನೋಡು, ಅದು ಚುಕ್ಕಿಯಲ್ಲ, ನೀಹಾರಿಕೆ ಎಂದೆ. ಅನಿಲ ಮತ್ತು ಧೂಳಿನ ದೊಡ್ಡ ಮೋಡ. ಅದು ಅಲ್ಲಲ್ಲಿ ತನ್ನ ಭಾರಕ್ಕೆ ತಾನೇ ಕುಸಿದು, ಬಿಸಿಯಾಗಿ, ನಕ್ಷತ್ರವಾಗುತ್ತದೆ. ಹಾಗೆ ಈಚೆಗೆ ಹುಟ್ಟಿದ ಕೆಲವು ನಕ್ಷತ್ರಗಳ ಬೆಳಕಿಗೇ ಆ ಮೋಡ ಹೊಳೆಯುತ್ತಿದೆ ಎಂದೆಲ್ಲ ವಿವರಿಸಿದೆ. ನಾನು ಓದಿದ್ದು ತಮಿಳು ಮಾಧ್ಯಮದಲ್ಲಿ. ಮಾತಿನ ಭರದಲ್ಲಿ ನಕ್ಷತ್ರದ ಬದಲು ವಿಣ್ಮೀನ್ ಎಂದು ಬಾಯಿಗೆ ಬಂತು.

“ಮೀನಾ?” ಅಂದಳು ದುರ್ಬೀನು ಇಳಿಸದೆ. “ಹಂಗಾರೆ ಇದು ಮೊಟ್ಟೆ ಇಕ್ಕಿರೋ ಜಾಗ ಅನ್ನು.”

ಅದಕ್ಕಿಂತ ಒಳ್ಳೆಯ ವಿವರಣೆ ನಾನು ಇದುವರೆಗೂ ಓದಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ಮೂರು ಚುಕ್ಕಿ ಮೃಗಶಿರದ ಗುಂಪಿನವು, ನೀನು ಹುಟ್ಟುವಾಗ ನೆತ್ತಿಯ ಮೇಲಿದ್ದದ್ದೂ ಅವೇ, ಆದ್ದರಿಂದ ನಿನ್ನದು ಮೃಗಶಿರ ನಕ್ಷತ್ರ ಎಂದು ಷರಾ ಬರೆದೆ. ಕೆಳಗೆ ಎರಡು ಗೆರೆ ಎಳೆದೆ. ಜೋಯಿಸರು ನೋಡಿದರು. ಹತ್ತರಲ್ಲಿ ಎಂಟು ಕೂಡಿದವು. ರತ್ನಮ್ಮ ಹೂ ಮುಡಿಸಿ ಹೋದರು.

ಹನ್ನೊಂದು ದಿನದ ನಂತರ, ಹೆಮ್ಮೆ ಇನ್ನೂ ಇಳಿಯದೆ, ಅದೇ ಲೆಕ್ಕವನ್ನು ನಮ್ಮ ಮನೆಯವರಿಗೂ ಹಾಕಿ ನೋಡಿದೆ. ಹುಟ್ಟಿದ ಹೊತ್ತಿಗೆ ನೆತ್ತಿಯ ಮೇಲಿದ್ದ ನಕ್ಷತ್ರ ಒಂದು ಕಡೆ, ಜಾತಕದಲ್ಲಿರುವುದು ಇನ್ನೊಂದು ಕಡೆ. ನಾಲ್ವರಲ್ಲಿ ಒಬ್ಬರದೂ ತಾಳೆಯಾಗಲಿಲ್ಲ. ಅಪ್ಪನನ್ನು ಕೇಳಿದೆ. ಅವರು ಪೇಪರಿನಿಂದ ಮುಖ ತೆಗೆಯದೆಯೇ, “ಚಂದ್ರ ಯಾವ ನಕ್ಷತ್ರದ ಹತ್ರ ಇದ್ದ ಅಂತ ನೋಡೋದು ಕಣಮ್ಮ, ನೆತ್ತಿ ಮೇಲೆ ಏನಿತ್ತು ಅಂತಲ್ಲ” ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಂಜಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತಟ್ಟೆಯ ಮೇಲೆ ತಟ್ಟೆ ಜೋಡಿಸುತ್ತಾ ಕೇಳಿಸಿಕೊಂಡಳು. ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ನಾನೇ ಹೋಗಿ ಹೇಳ್ಬುಟ್ಟು ಬತ್ತೀನಿ” ಅಂದಳು. “ಇಲ್ದಿದ್ರೆ ಆ ಮನೇಲಿ ಉಣ್ಣೋ ಒಂದೊಂದು ತುತ್ತೂ ಸುಳ್ಳಿಂದೇ ಆಯ್ತದೆ.”

ಹೋಗಿ ಹೇಳಿದಳು. ರತ್ನಮ್ಮ ಕಾಫಿ ಕೊಟ್ಟು ಕಳಿಸಿದರಂತೆ. ಆಮೇಲೆ ಒಂಬತ್ತು ದಿನ ಆ ಕಡೆಯಿಂದ ಸುದ್ದಿಯಿಲ್ಲ. ಮಂಜಕ್ಕ ಬೇರೆ ಶಿಫ್ಟಿಗೆ ಬದಲಾಯಿಸಿಕೊಂಡಳು. ಆ ದಿನಗಳಲ್ಲಿ ನನ್ನ ದಿನಚರಿಯಲ್ಲಿರುವುದು ಬರೀ ತಾರೀಕುಗಳು.

ಹತ್ತನೆಯ ಸಂಜೆ ರತ್ನಮ್ಮನೇ ಬಂದರು. ಮಂಡಿ ಹಿಡಿದುಕೊಂಡು ತಾರಸಿಗೆ ಹತ್ತಿದರು. ಮಂಜುಳ ಹೇಳಿದ ಆ ನಕ್ಷತ್ರ ಹುಟ್ಟುವ ಜಾಗ ಯಾವುದು ತೋರಿಸಮ್ಮ ಎಂದರು ನನಗೆ. ದುರ್ಬೀನು ಅವರ ಕನ್ನಡಕಕ್ಕೆ ಹೊಂದಲು ಆರು ನಿಮಿಷ ಬೇಕಾಯಿತು. ಕೊನೆಗೆ ಕಂಡಿತು: ಊದುಬತ್ತಿ ಹೊಗೆ ನಿಂತಂಗದೆ ಎಂದರು. ಇಲ್ಲಿ ಒಂದು ನಕ್ಷತ್ರ ಹುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರು. ಲಕ್ಷಾಂತರ ವರ್ಷ, ಇಂಥ ಗಳಿಗೆಯಲ್ಲೇ ಹುಟ್ಟಿತು ಅಂತ ಯಾರೂ ಹೇಳಲಾಗದು ಎಂದೆ. ಅವರು ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡರು. ಮಂಜಕ್ಕ ಬಾಗಿಲಲ್ಲೇ ನಿಂತಿದ್ದಳು.

“ಲೋಕೇಶ ಮನೇಲೇ ಹುಟ್ಟಿದ್ದು” ಅಂದರು, ಅವಳ ಕಡೆ ತಿರುಗದೆ. “ಅವ್ನು ಬೀಳೋ ಹೊತ್ಗೆ ಫ್ಯಾಕ್ಟ್ರಿ ಸಂಗು, ಅದೇ ಸೈರನ್ನು, ಕೂಗ್ತು. ಐದೂವರೆಗೆ ಒಂದ್ಸಲ ಕೂಗೋರು, ಆರಕ್ಕೆ ಇನ್ನೊಂದ್ಸಲ. ಯಾವ ಸಂಗು ಅಂತ ಆ ನೋವಲ್ಲಿ ಯಾರ್ ಎಣಿಸ್ತಾರೆ? ಆ ಎರಡು ಸಂಗಿನ ಮಧ್ಯೆ ನಕ್ಷತ್ರ ಬದಲಾಗ್ತದೆ ಅಂದ್ರು ಜೋಯಿಸ್ರು. ಯಾವ್ದು ಒಳ್ಳೇದೋ ಅದ್ನೇ ಬರ್ಕಳಿ ಅಂದೆ. ಇವತ್ತಿನವರ್ಗೂ ಅವ್ನಿಗೂ ಹೇಳಿಲ್ಲ.” ಆಮೇಲೆ ಮಂಜಕ್ಕನ ಕಡೆ ತಿರುಗಿ, “ನೀನು ಬಂದು ಹೇಳ್ದೆ. ನಾನು ಹೇಳಿರ್ಲಿಲ್ಲ” ಅಂದರು.

ಮಂಜಕ್ಕ ಬಂದು ಅವರ ಪಕ್ಕ ಕೂತಳು. ಇಬ್ಬರೂ ಅಳಲಿಲ್ಲ. ಅತ್ತವಳು ನಾನು, ಅದನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.

ಮದುವೆ ಆ ವರ್ಷವೇ ಆಯಿತು. ಈಗ ಮಂಜಕ್ಕ ಏಳು ತಿಂಗಳ ಬಸುರಿ. ಮೊನ್ನೆ ಫೋನು ಮಾಡಿ, ನಿನ್ನ ಲೆಕ್ಕದ ಪುಸ್ತಕ ಇನ್ನೂ ಇದೆಯಾ ಎಂದು ಕೇಳಿದಳು. ನಕ್ಷತ್ರ ಅವಳಿಗೆ ಬೇಡವಂತೆ. “ನಮ್ಮವ್ವ ನನ್ನ ಹೆತ್ತ ದಿನ ಆಚೆ ಬೆಳದಿಂಗಳಿತ್ತಾ, ಕತ್ಲೆನಾ, ಅಷ್ಟು ಗೊತ್ತಾದ್ರೆ ಸಾಕು ಕಣಮ್ಮಿ” ಅಂದಳು. ಹೇಳಬಹುದಾಗಿದ್ದ ಅಜ್ಜಿ ಈಗಿಲ್ಲ. ನಾನು ಯಾವ ಉತ್ತರವನ್ನೂ ಲೆಕ್ಕ ಹಾಕಿ ಕೊಡಲು ಹೋಗಲಿಲ್ಲ. ಗೊತ್ತಿಲ್ಲ ಅಕ್ಕ, ಕೇಳಿ ನೋಡುತ್ತೇನೆ ಎಂದೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಮೂವತ್ತು ವರ್ಷದ ಹಿಂದೆ ಮಾಗಡಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರು, ಅವರ ಹೆಣ್ಣುಮಕ್ಕಳು, ಸೊಸೆಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ, ಮೂರು ಚುಕ್ಕಿ ನೆತ್ತಿಗೆ ಬಂದ ಹೊತ್ತಿನಲ್ಲಿ ಹುಟ್ಟಿದ ಒಂದು ಹೆಣ್ಣುಕೂಸಿನ ನೆನಪಿದ್ದರೆ, ದಯವಿಟ್ಟು ಇದು ಅಚ್ಚಾಗಿರುವ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತಾರೀಕು ಬೇಕಿಲ್ಲ. ಬೆಳದಿಂಗಳಿತ್ತೇ, ಇಲ್ಲವೇ, ಅಷ್ಟೇ.